ಹಲವರ ಒಳಿತಿಗೆ ಯಾರ ತಲೆ? ಚಳ್ಳಕೆರೆ ಸೀಮೆಯಿಂದ ಒಂದು ಧರ್ಮಪ್ರಶ್ನೆ

ಹಲವರಿಗೆ ಒಳಿತಾಗುತ್ತದೆ ಎಂಬ ಕಾರಣಕ್ಕೆ ಏನೂ ತಪ್ಪು ಮಾಡದವರ ಮೇಲೆ ಕೇಡು ಹೊರಿಸಬಹುದೇ ಎಂಬುದು ಧರ್ಮಶಾಸ್ತ್ರಕ್ಕೂ ರಾಜನೀತಿಗೂ ಸೇರಿದ ಹಳೆಯ ಪ್ರಶ್ನೆ. ಕೇಡು ಎಂದರೆ ಕೊಲೆಯೇ ಆಗಬೇಕಿಲ್ಲ. ಮೇವಿನ ನೆಲ ಕೈತಪ್ಪುವುದು, ಊರು ಬಿಡಬೇಕಾಗುವುದು, ತಲೆಯ ಮೇಲೆ ಅಪಾಯ ತೂಗುತ್ತಿರುವಾಗ ಬದುಕಬೇಕಾಗುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ನಿರಪರಾಧಿ ಎಂದಾಗಲೂ ಸಂತರನ್ನೇ ಹುಡುಕಬೇಕಿಲ್ಲ. ತನ್ನ ಮೇಲೆ ಬೀಳುವ ಕೇಡಿಗೆ ತಾನು ಕಾರಣನಲ್ಲದ ಯಾರೇ ಆದರೂ ಸರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯ ಎಮ್ಮೆ ಅಂಥದ್ದು.

ಕೇಡು ಮೂರು ಬಗೆಯಲ್ಲಿ ಬರುತ್ತದೆ. ನಿರಪರಾಧಿಯ ಸಾವೇ ಸಾಧನವಾಗುವುದು ಒಂದು. ಬಲಿ ಈ ಜಾತಿಯದು, ಸತ್ತರೇ ಕೆಲಸ ಆಗುವುದು. ಸಾಧನವಲ್ಲದಿದ್ದರೂ ಆಗಿಯೇ ತೀರುವ ಕೇಡು ಎರಡನೆಯದು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾದಾಗ ಮುಳುಗಡೆಯ ಹಳ್ಳಿಗಳವರು ಒಕ್ಕಲೇಳುವುದು ಯಾರ ಉದ್ದೇಶವೂ ಆಗಿರಲಿಲ್ಲ, ಆದರೆ ನೀರು ನಿಂತರೆ ಹಳ್ಳಿ ಇರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆಗಬಹುದು, ಆಗದೆಯೂ ಇರಬಹುದು ಎಂಬ ಅಪಾಯ ಮೂರನೆಯದು. ನೀತಿಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಮೊದಲನೆಯದನ್ನು ಖಂಡಿಸಿ, ಎರಡನೆಯದಕ್ಕೆ ಷರತ್ತು ಹಾಕಿ, ಮೂರನೆಯದರ ಮೇಲೆ ಹಾಗೇ ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ಸರ್ಕಾರಗಳು ಮಾಡುವ ಕೇಡಿನಲ್ಲಿ ಬಹುಪಾಲು ಎರಡನೆಯ ಮತ್ತು ಮೂರನೆಯ ಬಗೆಯದೇ ಆದ್ದರಿಂದ ಈ ಹಂಚಿಕೆ ಅಷ್ಟು ಸಾಲದು.

ಭಾರತದ ಪರಂಪರೆಯಲ್ಲಿ ಈ ಲೆಕ್ಕಾಚಾರಕ್ಕೆ ಆಧಾರವಾಗಿ ಎಲ್ಲರೂ ಎತ್ತಿಕೊಳ್ಳುವುದು ವಿದುರ ಹೇಳಿದ ಮಾತನ್ನು. ಕುಲಕ್ಕಾಗಿ ಒಬ್ಬನನ್ನು, ಊರಿಗಾಗಿ ಕುಲವನ್ನು, ನಾಡಿಗಾಗಿ ಊರನ್ನು ಬಿಡಬೇಕು ಎಂಬುದು ಅದರ ಸಾರ. ಪಂಚತಂತ್ರ, ಹಿತೋಪದೇಶಗಳಲ್ಲೂ ಈ ಶ್ಲೋಕ ಸಿಗುತ್ತದೆ. ಅಣೆಕಟ್ಟು, ಹೆದ್ದಾರಿಗಳ ಪರ ಭಾಷಣಗಳಲ್ಲಿ ಅದರ ಛಾಯೆ ಇಂದಿಗೂ ಕಾಣುತ್ತದೆ. ಆದರೆ ಭಾಷಣಕಾರರು ಶ್ಲೋಕದ ಮುಕ್ಕಾಲು ಭಾಗಕ್ಕೇ ನಿಲ್ಲುತ್ತಾರೆ. ಆತ್ಮಕ್ಕಾಗಿ ಇಡೀ ಭೂಮಿಯನ್ನೇ ಬಿಡಬೇಕು ಎಂಬ ಕೊನೆಯ ಪಾದ ಬಂದೊಡನೆ ಲೆಕ್ಕ ತಲೆಕೆಳಗಾಗುತ್ತದೆ. ದೊಡ್ಡದಕ್ಕಾಗಿ ಚಿಕ್ಕದು ಎಂದು ಏರುತ್ತ ಬಂದ ಮೆಟ್ಟಿಲು ಅಲ್ಲಿ ಮತ್ತೆ ಒಬ್ಬನ ಅಂತರಂಗಕ್ಕೇ ಬಂದು ಮುಟ್ಟುತ್ತದೆ.

ಮಾತು ಎಲ್ಲಿ ಬಂತು ಎಂಬುದೂ ಮುಖ್ಯ. ಆದಿಪರ್ವದಲ್ಲಿ ದುರ್ಯೋಧನ ಹುಟ್ಟಿದ ಗಳಿಗೆಯಲ್ಲಿ ಅಪಶಕುನಗಳು ಕಂಡವೆಂದು ವಿದುರ ಇದನ್ನು ಧೃತರಾಷ್ಟ್ರನಿಗೆ ಹೇಳುತ್ತಾನೆ. ಮುಂದೆ ಸಭಾಪರ್ವದಲ್ಲಿ ಜೂಜು ನಡೆಯುವಾಗ ಮತ್ತೊಮ್ಮೆ ನೆನಪಿಸುತ್ತಾನೆ. ಎರಡನೆಯ ಸಲ ದುರ್ಯೋಧನ ತಪ್ಪಿತಸ್ಥ. ಮೊದಲನೆಯ ಸಲ ಅವನು ಈಗಷ್ಟೇ ಹುಟ್ಟಿದ ಕೂಸು, ನರಿಗಳು ಊಳಿಟ್ಟದ್ದು ಬಿಟ್ಟರೆ ಅವನ ಮೇಲೆ ಬೇರೆ ಆರೋಪವಿಲ್ಲ. ಕುರುಕ್ಷೇತ್ರ ಏನಾಯಿತೆಂದು ಬಲ್ಲ ಓದುಗನಿಗೆ ಆ ಕೂಸನ್ನು ಆಗಲೇ ಬಿಟ್ಟಿದ್ದರೆ ಚೆನ್ನಿತ್ತು ಅನಿಸುತ್ತದೆ. ತೊಟ್ಟಿಲ ಮುಂದೆ ನಿಂತವನಿಗೆ ಆ ತಿಳಿವಳಿಕೆ ಇರುವುದಿಲ್ಲ. ಹಲವರ ಒಳಿತಿನ ವಾದ ಯಾವಾಗಲೂ ಮುಂದಾಗುವುದನ್ನು ಬಲ್ಲವನ ದನಿಯಲ್ಲಿ ಮಾತಾಡುತ್ತದೆ, ಅದರ ಮೊದಲ ದೌರ್ಬಲ್ಯ ಅದು. ಇಷ್ಟಾದರೂ ವಿದುರನ ಮಾತಿಗೆ ಒಂದು ಮರ್ಯಾದೆ ಇದೆ. ಅವನು ತಂದೆಗೆ ಹೇಳಿದ್ದು ಸ್ವಂತ ಮಗನನ್ನು ಬಿಡಲು, ಬೇರೆಯವರ ಮಗನನ್ನಲ್ಲ. ತೀರ್ಮಾನ ಮಾಡುವವನ ಕರುಳಿಗೇ ಅದರ ಬೆಲೆ ತಗಲುತ್ತಿತ್ತು.

ಕನ್ನಡದ ಜನಪದ ಕಥನಗೀತೆ ‘ಕೆರೆಗೆ ಹಾರ’ದಲ್ಲಿ ನಡೆಯುವುದು ಇದಕ್ಕೆ ತಿರುವುಮುರುವು. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಯಲ್ಲಿ ಹನಿ ನೀರು ಬೀಳುವುದಿಲ್ಲ. ಜೋಯಿಸರು ಹೊತ್ತಿಗೆ ತೆಗೆದು ಮನೆಯ ಸೊಸೆಯೊಬ್ಬಳು ಹಾರವಾಗಬೇಕೆನ್ನುತ್ತಾರೆ. ಹಿರಿಯ ಸೊಸೆ ಹೋದರೆ ಮನೆಯ ಹಿರಿತನಕ್ಕೆ ಯಾರು ಎಂಬ ಮಾತು ಬಂದು ಪಾಳಿ ಕಿರಿಯಳಾದ ಭಾಗೀರತಿಯ ಮೇಲೆ ಬೀಳುತ್ತದೆ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ, ಊರಲ್ಲಿಲ್ಲ. ಅವಳನ್ನು ಯಾರೂ ಕೇಳುವುದಿಲ್ಲ, ಯಾರೂ ಕೈಹಿಡಿದು ಎಳೆಯುವುದೂ ಇಲ್ಲ. ಅವಳಿಗೆ ತಿಳಿಯುತ್ತದೆ, ಅಷ್ಟೆ. ತವರಿಗೆ ಹೋಗಿ ಬರುತ್ತಾಳೆ, ಹೆತ್ತವರಿಗೆ ನಿಜ ಹೇಳಲಾರಳು, ಗೆಳತಿಗೆ ಮಾತ್ರ ಹೇಳುತ್ತಾಳೆ. ಕೊನೆಗೆ ತಾನಾಗಿ ಕೆರೆಗೆ ಇಳಿದು ನೀರಿಗೆ ಆಹುತಿಯಾಗುತ್ತಾಳೆ. ದಂಡಿನಿಂದ ಬಂದ ಗಂಡ ಅದೇ ಕೆರೆಗೆ ಹಾರುತ್ತಾನೆ.

ಈ ಹಾಡನ್ನು ತ್ಯಾಗದ ಕಥೆಯಾಗಿ ಪಾಠ ಹೇಳುವ ರೂಢಿ ಇದೆ. ಹಾಡು ಮಾತ್ರ ಅಷ್ಟು ಸರಳವಾಗಿ ಒಪ್ಪುವುದಿಲ್ಲ. ಊರಿಗೆ ನೀರು ಬೇಕು ಎಂಬುದು ಸುಳ್ಳಲ್ಲ. ಬರದ ಸೀಮೆಯಲ್ಲಿ ಬತ್ತಿದ ಕೆರೆ ಎಂದರೆ ಊರೇ ಗುಳೆ ಹೋಗುವ ಮಾತು. ಒಳಿತು ನಿಜ, ಅವಶ್ಯಕತೆಯೂ ನಿಜ. ಕೆಟ್ಟದ್ದು ಆಯ್ಕೆಯ ಕ್ರಮ. ಯಾರು ಹೋದರೆ ನೀರು ಬಂದೀತು ಎಂಬ ಪ್ರಶ್ನೆಯಿಂದ ಶುರುವಾದ ಮಾತು ನಡುವೆ ಎಲ್ಲೋ ಯಾರು ಹೋದರೆ ನಮಗೆ ನಷ್ಟ ಕಡಿಮೆ ಎಂಬ ಪ್ರಶ್ನೆಯಾಗಿ ಮಗ್ಗುಲು ಬದಲಿಸುತ್ತದೆ. ಕೆರೆ ಕಟ್ಟಿಸಿದ ಗೌಡನ ಹೆಸರು ಆ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ. ಮನೆಯಲ್ಲಿ ಕಿರಿಯಳು, ಪರರ ಮನೆಯಿಂದ ಬಂದವಳು, ಪರವಾಗಿ ಮಾತಾಡಬೇಕಾದ ಗಂಡ ದೂರ ಇರುವವಳು: ಬಲಿಗೆ ಬೇಕಾದ ಅರ್ಹತೆಗಳು ಇವು. ಹಲವರ ಒಳಿತಿನ ಹೆಸರಲ್ಲಿ ನಡೆದ ಬಹುತೇಕ ಕೇಡುಗಳಲ್ಲಿ ಹೀಗೇ ಆಗಿದೆ. ನಿರಪರಾಧಿ ಆಯ್ಕೆಯಾಗುವುದು ಅವನಿಂದ ಹೆಚ್ಚು ಒಳಿತಾಗುತ್ತದೆಂದಲ್ಲ, ಅವನನ್ನು ಆರಿಸಿದರೆ ಆರಿಸುವವನಿಗೆ ಖರ್ಚು ಕಡಿಮೆ ಎಂದು.

ಜೈನ ಚಿಂತನೆ ಇದಕ್ಕೂ ಹಿಂದಕ್ಕೆ, ಮನಸ್ಸಿನ ಸಂಕಲ್ಪಕ್ಕೇ ಹೋಗುತ್ತದೆ. ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ ಶುರುವಾಗುವುದೇ ಮಾರಿದತ್ತನೆಂಬ ರಾಜ ಚಂಡಮಾರಿಗೆ ಬಲಿ ಕೊಡಿಸಲು ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರನ್ನು ಹಿಡಿತರಿಸುವಲ್ಲಿ. ಮಾರಿ ಮುನಿದರೆ ನಾಡಿಗೆ ಕೇಡು ಎಂಬ ನಂಬಿಕೆ ಅಲ್ಲಿನ ಲೆಕ್ಕ. ಆ ಮಕ್ಕಳು ಹೇಳುವ ಹಿಂದಿನ ಜನ್ಮದ ಕಥೆಯಲ್ಲಿ ಯಶೋಧರ ಕೆಟ್ಟ ಕನಸಿನ ಪರಿಹಾರಕ್ಕೆ ಜೀವದ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಯಾವ ಪ್ರಾಣಿಯೂ ಸಾಯಲಿಲ್ಲವಲ್ಲ ಎಂದು ಇಂದಿನ ಓದುಗ ಕೇಳಬಹುದು. ಕೊಲ್ಲುತ್ತೇನೆಂಬ ಸಂಕಲ್ಪ ಆಯಿತಲ್ಲ ಎಂಬುದು ಕಾವ್ಯದ ಉತ್ತರ. ಅಷ್ಟಕ್ಕೇ ಯಶೋಧರನೂ ಅವನ ತಾಯಿಯೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ನರಳುತ್ತಾರೆ. ಜೈನರೂ ಗೃಹಸ್ಥನ ಬೇಸಾಯ, ಅಡುಗೆ, ಆತ್ಮರಕ್ಷಣೆಗಳಲ್ಲಿ ಆಗುವ ಹಿಂಸೆಯನ್ನು ಬೇರೆಯಾಗಿಯೇ ಎಣಿಸುತ್ತಾರೆ, ತಪ್ಪಿಸಲಾಗದ್ದೆಂದು ಸ್ವಲ್ಪ ಮಟ್ಟಿಗೆ ಒಪ್ಪುತ್ತಾರೆ. ಸಂಕಲ್ಪಿಸಿ ಮಾಡಿದ್ದಕ್ಕೆ ಮಾತ್ರ ಯಾವ ಫಲದ ಆಸೆಯೂ ರಿಯಾಯಿತಿ ತರುವುದಿಲ್ಲ. ಈ ನಿಲುವಿನ ಬಲ ಅದರ ಖಚಿತತೆ. ಅದರ ತೊಡಕು, ಆಳುವವನ ಕುರ್ಚಿಯಲ್ಲಿ ಕೂತವನಿಗೆ ಇದು ಕೊಡುವ ಮಾರ್ಗ ಒಂದೇ, ಮಾರಿದತ್ತನಂತೆ ಕುರ್ಚಿ ಬಿಟ್ಟು ಎದ್ದು ಹೋಗುವುದು.

ಕುರ್ಚಿ ಬಿಡದೆ ಪಶ್ಚಾತ್ತಾಪಪಟ್ಟ ರಾಜನ ಮಾತು ಮೊಳಕಾಲ್ಮುರು ತಾಲ್ಲೂಕಿನ ಬಂಡೆಗಳ ಮೇಲೆ ಇದೆ. ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಕಿರು ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಕಳಿಸಿದ ಒಕ್ಕಣೆ ಅದು. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ವಿಷಯದಲ್ಲಿ ದೃಢವಾಗಿರಬೇಕು, ಸತ್ಯ ನುಡಿಯಬೇಕು ಎಂಬ ಬೋಧನೆ ಅದರಲ್ಲಿದೆ, ಕೊನೆಗೆ ಬರೆದ ಚಪಡನ ಹೆಸರೂ ಇದೆ. ಕಳಿಂಗದ ಸುದ್ದಿ ಇಲ್ಲಿಲ್ಲ. ಅದು ಇರುವುದು ಹದಿಮೂರನೆಯ ಬಂಡೆಶಾಸನದಲ್ಲಿ; ಇಲ್ಲಿಂದ ಈಶಾನ್ಯಕ್ಕೆ, ಆಂಧ್ರದ ಕರ್ನೂಲು ಜಿಲ್ಲೆಯ ಎರ್‍ರಗುಡಿಯಲ್ಲಿ ಅದರ ಪ್ರತಿ ಸಿಗುತ್ತದೆ.

ಪಟ್ಟಾಭಿಷೇಕವಾದ ಎಂಟು ವರ್ಷಕ್ಕೆ ಕಳಿಂಗವನ್ನು ಗೆದ್ದುದಾಗಿಯೂ, ಒಂದೂವರೆ ಲಕ್ಷ ಜನರನ್ನು ಅಲ್ಲಿಂದ ಸಾಗಿಸಿದ್ದಾಗಿಯೂ, ಒಂದು ಲಕ್ಷ ಜನ ಹತರಾಗಿ ಅದರ ಹಲವು ಪಟ್ಟು ಜನ ಸತ್ತುದಾಗಿಯೂ ಅಶೋಕ ಅದರಲ್ಲಿ ಹೇಳುತ್ತಾನೆ. ಸಂಖ್ಯೆಗಳಿಗಿಂತ ಅದರ ಮುಂದಿನ ಭಾಗ ಈ ವಿಷಯಕ್ಕೆ ಹತ್ತಿರದ್ದು. ಗುರುಹಿರಿಯರ ಮಾತು ಕೇಳಿಕೊಂಡು, ಸ್ನೇಹಿತರು ಆಳುಕಾಳುಗಳೊಡನೆ ಸರಿಯಾಗಿ ನಡೆದುಕೊಂಡು ಇದ್ದ ಬ್ರಾಹ್ಮಣರು, ಶ್ರಮಣರು, ಸಂಸಾರಸ್ಥರು ಪೆಟ್ಟು ತಿಂದರು, ಸತ್ತರು, ಪ್ರೀತಿಪಾತ್ರರಿಂದ ಅಗಲಿದರು. ತಮಗೇ ಏನೂ ಆಗದವರೂ ತಮ್ಮವರ ಕಷ್ಟದಿಂದ ನೊಂದರು ಎಂದು ಅಲ್ಲಿದೆ. ಒಂದು ಸಾಮ್ರಾಜ್ಯ ತನ್ನ ಗೆಲುವಿನ ಬಾಬತ್ತಿನಲ್ಲಿ ನಿರಪರಾಧಿಗಳ ನೋವನ್ನು, ನೊಂದವರ ನೆಂಟರ ನೋವನ್ನೂ ಸೇರಿಸಿ, ಲೆಕ್ಕಕ್ಕೆ ಹಿಡಿದದ್ದು ಜಗತ್ತಿನ ಇತಿಹಾಸದಲ್ಲೇ ವಿರಳ.

ಅದೇ ಶಾಸನದ ಇನ್ನೊಂದು ಮುಖವನ್ನೂ ಮುಚ್ಚಿಡಬೇಕಿಲ್ಲ. ಪಶ್ಚಾತ್ತಾಪ ಹೇಳಿದ ಉಸಿರಲ್ಲೇ ಅರಸ ಅಡವಿಯ ಜನರಿಗೆ ಎಚ್ಚರಿಕೆ ಕೊಡುತ್ತಾನೆ: ನೊಂದುಕೊಂಡಿದ್ದರೂ ತನಗೆ ದಂಡಿಸುವ ಬಲವಿದೆ, ತಪ್ಪಿಗೆ ನಾಚಿ ತಿದ್ದಿಕೊಳ್ಳದಿದ್ದರೆ ಸಾಯಬೇಕಾದೀತು ಎಂದು. ಕಳಿಂಗವನ್ನು ಅವನು ವಾಪಸು ಕೊಡಲಿಲ್ಲ. ಕಳಿಂಗದ ನೆಲದಲ್ಲೇ ಇರುವ ಧೌಳಿ, ಜೌಗಡಗಳಲ್ಲಿ ಈ ಹದಿಮೂರನೆಯ ಶಾಸನ ಇಲ್ಲ. ಅದರ ಜಾಗದಲ್ಲಿ ಬೇರೆ ಶಾಸನಗಳಿವೆ. ತಪ್ಪಾಯಿತು ಎಂಬ ಮಾತು ನೊಂದವರನ್ನು ಬಿಟ್ಟು ಉಳಿದವರಿಗೆಲ್ಲ ತಲುಪಿತು. ಕಾರಣ ಏನಿದ್ದರೂ, ಆಳುವವರ ವಿಷಾದ ಇಂದಿಗೂ ಈ ದಾರಿಯನ್ನೇ ಹಿಡಿಯುವುದುಂಟು.

ಪಶ್ಚಿಮದ ನೀತಿಶಾಸ್ತ್ರದಲ್ಲಿ ಈ ಚರ್ಚೆ ಎರಡು ಗುಂಪಾಗಿದೆ. ಬೆಂಥಮ್, ಮಿಲ್ ಪರಂಪರೆಯವರು ಕೃತ್ಯವನ್ನು ಅದರ ಒಟ್ಟು ಫಲದಿಂದ ತೂಗುತ್ತಾರೆ. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಕೂಡದು ಎಂಬುದು ಕಾಂಟ್‌ನ ನಿಲುವು. 1967ರಲ್ಲಿ ಫಿಲಿಪ್ಪಾ ಫುಟ್ ಒಂದು ಲೇಖನದಲ್ಲಿ ತಂದ ಟ್ರಾಲಿಯ ಉದಾಹರಣೆ, ಐವರ ಕಡೆ ನುಗ್ಗುತ್ತಿರುವ ಬಂಡಿಯನ್ನು ಒಬ್ಬನಿರುವ ಹಳಿಗೆ ತಿರುಗಿಸಬಹುದೇ ಎಂಬುದು, ಈಗ ಕಾಲೇಜು ಹುಡುಗರಿಗೂ ಗೊತ್ತು. ಅದರಲ್ಲಿ ಒಂದು ಮೋಸವಿದೆ. ಆ ಒಬ್ಬ ಹಳಿಯ ಮೇಲೆ ಹೇಗೆ ಬಂದ ಎಂದು ಉದಾಹರಣೆ ಕೇಳುವುದೇ ಇಲ್ಲ. ನಿಜಜೀವನದಲ್ಲಿ ಹಳಿ ಹಾಕಿದವರು ಯಾರೋ ಇರುತ್ತಾರೆ, ಅವನ ಮನೆ ಅಲ್ಲಿಯೇ ಇರುವುದಕ್ಕೆ ಒಂದು ಇತಿಹಾಸ ಇರುತ್ತದೆ. ಹೆಚ್ಚು ಉಪಯೋಗಕ್ಕೆ ಬರುವವರು ಇನ್ನಿಬ್ಬರು. ಒಬ್ಬನ ನಷ್ಟವನ್ನು ಇನ್ನೊಬ್ಬನ ಲಾಭದಿಂದ ಸರಿದೂಗಿಸುವ ಲೆಕ್ಕ ಜನರು ಬೇರೆಬೇರೆ ಎಂಬುದನ್ನೇ ಮರೆಯುತ್ತದೆ ಎಂದು ಜಾನ್ ರಾಲ್ಸ್ 1971ರಲ್ಲಿ ವಾದಿಸಿದರು. ಆಳುವವನು ಕೆಲವೊಮ್ಮೆ ಕೈ ಕೊಳೆ ಮಾಡಿಕೊಳ್ಳಲೇಬೇಕಾಗುತ್ತದೆ, ಆದರೆ ಕೊಳೆಯಾಗಿಲ್ಲ ಎಂದು ನಟಿಸಕೂಡದು ಎಂಬುದು ಮೈಕೆಲ್ ವಾಲ್ಜರ್ 1973ರಲ್ಲಿ ಹೇಳಿದ್ದರ ತಾತ್ಪರ್ಯ. ಒಳಿತು ದೊಡ್ಡದಾದರೂ ಮಾಡಿದ ಕೇಡು ಕೇಡಾಗಿಯೇ ಉಳಿಯುತ್ತದೆ, ಸಾಲವಾಗಿ.

ಈ ಸಾಲದ ಲೆಕ್ಕ ಹೇಗಿರುತ್ತದೆ ಎಂದು ನೋಡಲು ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳಿಗಿಂತ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಇಲ್ಲಿ ಯಾರನ್ನೂ ಕೊಂದಿಲ್ಲ, ಹಳ್ಳಿಗಳನ್ನು ಮುಳುಗಿಸಿಲ್ಲ. ಭಾಗೀರತಿಯ ಕಥೆಯ ಪಕ್ಕ ಇದನ್ನಿಟ್ಟು ಸಮ ಎಂದರೆ ಅತಿಯಾಗುತ್ತದೆ. ಕೇಡು ಮೆಲ್ಲಗೆ, ಕಾನೂನಿನ ಒಳಗೇ, ಯಾರೂ ಕೆಟ್ಟವರಿಲ್ಲದೆ ಆಗುವುದು ಹೇಗೆಂದು ಇದು ತೋರಿಸುತ್ತದೆ.

ಮೈಸೂರು ಅರಸರ ಕಾಲದ ರಾಸುಗಳ ಖಾತೆಗೆ ಅಮೃತ ಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನಿಂದ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದು ಬೆಣ್ಣೆ ಚಾವಡಿಯಾಗಿತ್ತು. ಹೈದರ್, ಟಿಪ್ಪು ಇಬ್ಬರ ತೋಪುಗಳನ್ನೂ ಎಳೆದದ್ದು ಈ ತಳಿಯ ಎತ್ತುಗಳು. ಆ ರಾಸುಗಳ ಮೇವಿಗೆಂದು ರಾಜ್ಯದ ಉದ್ದಗಲಕ್ಕೆ ಬಿಟ್ಟ ಹುಲ್ಲುಗಾವಲುಗಳೇ ಕಾವಲು. ಅಂದರೆ ಮೂಲದಲ್ಲಿ ಇದೂ ದಂಡಿಗೆಂದು ಕಾದಿಟ್ಟ ನೆಲವೇ. ದಂಡು ಬದಲಾಗಿ ರಾಸು ಕಡಿಮೆಯಾದ ಮೇಲೆ ಸುತ್ತಲ ಹಳ್ಳಿಗಳ ಕುರಿ, ಮೇಕೆ, ದನಗಳಿಗೆ ಅದೇ ಆಸರೆಯಾಯಿತು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದು ಒಂದು; ಶೇಂಗಾ ಕೈಕೊಟ್ಟ ವರ್ಷ ಕುರಿ ಮಾರಿ ಬದುಕುವುದು ಇಲ್ಲಿನ ಲೆಕ್ಕಾಚಾರ. ಕೃಷ್ಣಮೃಗಗಳೂ ಎರೆಭೂತದಂಥ ಹಕ್ಕಿಗಳೂ ಇದ್ದ ಹುಲ್ಲುಗಾವಲು ಇದು.

2007ರಿಂದ ಮೂರ್ನಾಲ್ಕು ವರ್ಷಗಳಲ್ಲಿ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆ ಬೇರೆಬೇರೆ ಸಂಸ್ಥೆಗಳಿಗೆ ಹೋಯಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ (ಡಿಆರ್‌ಡಿಒ) 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಇಸ್ರೊ ಮತ್ತು ಒಂದು ಖಾಸಗಿ ಸೌರವಿದ್ಯುತ್ ಕಂಪನಿಗೂ ಪಾಲು ಸಿಕ್ಕಿತು. ಹಲವು ಹಳ್ಳಿಗಳವರಿಗೆ ವಿಷಯ ಸರಿಯಾಗಿ ತಿಳಿದದ್ದು ಬೇಲಿ, ಕಾಂಪೌಂಡ್ ಗೋಡೆ ಏಳತೊಡಗಿದ ಮೇಲೆ. ಪರಿಸರ ಸಂಘಟನೆಯೊಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು. ನ್ಯಾಯಮಂಡಳಿ ಸ್ಥಳ ಪರಿಶೀಲನೆಗೆ ಸಮಿತಿ ಕಳಿಸಿ, ವಿಚಾರಣೆ ನಡೆಸಿ, 2014ರ ಆಗಸ್ಟ್‌ನಲ್ಲಿ ಷರತ್ತುಗಳ ಮೇಲೆ ಯೋಜನೆಗಳು ಮುಂದುವರಿಯಲು ಬಿಟ್ಟಿತು.

ಒಳಿತಿನ ಪಟ್ಟಿ ಸಣ್ಣದಲ್ಲ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವನ್ನು 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಉದ್ಘಾಟಿಸಿದರು. 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆಯ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಮೇಲಿಂದ ಬಿಟ್ಟಾಗ ಅದು ತಾನಾಗಿ ಬಂದು ಇಳಿದದ್ದು ಇಲ್ಲಿನ ರನ್‌ವೇ ಮೇಲೆ. ಕುದಾಪುರದ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ಹಳ್ಳಿಶಾಲೆಗಳ ವಿಜ್ಞಾನ ಮೇಷ್ಟ್ರುಗಳಿಗೆ ತರಬೇತಿ ನಡೆಯುತ್ತದೆ. ದೇಶದ ರಕ್ಷಣೆ, ವಿಜ್ಞಾನ ಎರಡೂ ಚಳ್ಳಕೆರೆಯವರಿಗೂ ಸೇರಿದ ಒಳಿತುಗಳೇ.

ನಷ್ಟದ ಕಡೆ ನೋಡಿದರೆ ಮೊದಲು ಕಾಣುವುದು ಖಾಲಿ ಕಾಲಂ. ಕಾವಲು ಸರ್ಕಾರದ ನೆಲ, ಯಾರ ಹೆಸರಲ್ಲೂ ಪಹಣಿ ಇಲ್ಲ, ಆದ್ದರಿಂದ ಭೂಸ್ವಾಧೀನ ಇಲ್ಲ. ಸ್ವಾಧೀನವೇ ಇಲ್ಲದ ಮೇಲೆ ಪರಿಹಾರದ ಮಾತೂ ಇಲ್ಲ. ಆದರೆ ಆ ಹುಲ್ಲಿಗೆ ಕಟ್ಟಿಕೊಂಡಿದ್ದ ಬದುಕುಗಳು ಹಲವಾರು. ಚಳ್ಳಕೆರೆ ಎಣ್ಣೆಗಾಣಗಳಿಗೆ ಹೇಗೋ ಕಂಬಳಿಗೂ ಹಾಗೇ ಹೆಸರಾದ ಊರು. ಕಾವಲಿನಲ್ಲಿ ಮೇದ ಕುರಿಯ ಉಣ್ಣೆಯನ್ನು ಕತ್ತರಿಸುವವರು ಒಬ್ಬರು, ಮನೆಯಲ್ಲಿ ಕೂತು ನೂಲುವ ಹೆಂಗಸರು ಇನ್ನು ಕೆಲವರು. ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ, ಬಿಸಿಲಿಗೆ ಒಣಗಿಸಿ, ಕುಣಿಮಗ್ಗದಲ್ಲಿ ನೇಯುವವರು ಬೇರೆ, ಸಂತೆಗೆ ಒಯ್ಯುವವರು ಬೇರೆ. ಮೇವು ಕಡಿಮೆಯಾಗಿ ಕುರಿಗಾರ ಹಿಂಡನ್ನು ಅರ್ಧಕ್ಕಿಳಿಸಿದರೆ ನೂಲುವವಳ ಕೈಗೆ ಬರುವ ಉಣ್ಣೆ ತಗ್ಗುತ್ತದೆ. ಅವಳಿಗೆ ಹುಲ್ಲುಗಾವಲಿನ ಮೇಲೆ ಯಾವ ಹಕ್ಕೂ ದಾಖಲೆಯಲ್ಲಿ ಇರಲಿಲ್ಲ, ಈಗ ಯಾವ ನಷ್ಟವೂ ದಾಖಲೆಯಲ್ಲಿ ಇಲ್ಲ.

ಮ್ಯಾಸ ನಾಯಕರ ದೇವರ ಎತ್ತುಗಳದು ಇನ್ನೂ ಬೇರೆ ಸಂಗತಿ. ನೊಗಕ್ಕೆ ಹೂಡದ, ಮಾರದ, ದೇವರಿಗೆ ಬಿಟ್ಟ ಈ ರಾಸುಗಳನ್ನು ಕಿಲಾರಿಗಳು ಕಾಯುತ್ತಾರೆ. ಅವು ಹಾಲು ಕೊಟ್ಟು, ಗೇಯ್ಮೆ ಮಾಡಿ ಸಂಪಾದಿಸುವವಲ್ಲ; ಸತ್ತರೆ ಮಣ್ಣು ಮಾಡುವ ಮರ್ಯಾದೆ ಅವಕ್ಕಿದೆ. ಬರ ಬಂದ ವರ್ಷಗಳಲ್ಲಿ ಅವಕ್ಕೆ ಮೇವು ಒದಗಿಸುವುದು ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕುಗಳಲ್ಲಿ ದೊಡ್ಡ ತಲೆನೋವು. ಬಯಲು ಕುಗ್ಗಿದಷ್ಟೂ ಅದು ಹೆಚ್ಚುತ್ತದೆ. ಒಂದು ಕುಲದ ಪೂಜೆಯ ಕ್ರಮಕ್ಕೆ ತಟ್ಟುವ ಈ ಕೇಡನ್ನು ಎಕರೆಗೆ ಇಷ್ಟು ರೂಪಾಯಿ ಎಂದು ಕಟ್ಟಲಾಗುವುದಿಲ್ಲ. ಕಟ್ಟಲಾಗುವುದಿಲ್ಲ ಎಂಬ ಕಾರಣಕ್ಕೆ ಸೊನ್ನೆ ಎಂದು ಬರೆದುಕೊಳ್ಳುವುದು ಲೆಕ್ಕಿಗರ ಹಳೆಯ ಚಾಳಿ.

ಮೂರನೆಯ ಬಗೆಯ ಕೇಡು, ಅಪಾಯ, ಇಲ್ಲಿ ಬರೀ ಊಹೆಯಲ್ಲ. 2019ರ ಸೆಪ್ಟೆಂಬರ್ 17ರಂದು ಪರೀಕ್ಷೆಯಲ್ಲಿದ್ದ ರುಸ್ತುಂ-2 ಎಂಬ ಮಾನವರಹಿತ ವಿಮಾನ ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯ ಬಳಿ ಬಿತ್ತು. 2023ರ ಆಗಸ್ಟ್ 20ರಂದು ಅದೇ ಸಾಲಿನ ತಪಸ್ ವಿಮಾನ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಉರುಳಿತು. ಎರಡು ಸಲವೂ ಯಾರಿಗೂ ಏನೂ ಆಗಲಿಲ್ಲ. ಪರೀಕ್ಷೆ ಎಂದ ಮೇಲೆ ಬೀಳುವುದೂ ಅದರಲ್ಲಿ ಸೇರಿಯೇ ಇರುತ್ತದೆ. ಬಯಲುಸೀಮೆಯನ್ನು ಇದಕ್ಕೆ ಆರಿಸಲು ಒಂದು ಕಾರಣ ಜನವಸತಿ ವಿರಳ ಎಂಬುದು. ಕಡಿಮೆ ಜನರಿರುವಲ್ಲಿ ಅಪಾಯ ಇಡುವುದು ಲೆಕ್ಕಕ್ಕೆ ಸರಿ. ಆ ಕಡಿಮೆ ಜನರ ಪಾಲಿಗೆ ಅದು ಕಡಿಮೆ ಅಪಾಯವಲ್ಲ.

ಕಾವಲಿನ ಪರವಾಗಿ ಮಾತಾಡುವವರು ಎದುರಿಸಬೇಕಾದ ಗಟ್ಟಿ ವಾದಗಳು ಇವೆ. ಇದು ಯಾವನೋ ಧನಿಕನ ಲಾಭಕ್ಕಲ್ಲ, ನೆಲ ಬೀಳಾಗಿತ್ತು, ಒಂದು ಮನೆಯನ್ನೂ ಕಿತ್ತಿಲ್ಲ, ಎಲ್ಲೋ ಒಂದು ಕಡೆ ಮಾಡಲೇಬೇಕಾದ ಕೆಲಸ, ಇಲ್ಲಿ ಬೇಡವೆಂದರೆ ಇನ್ನೊಬ್ಬರ ನೆಲಕ್ಕೆ ಹೋಗುತ್ತಿತ್ತು. ಮೊದಲ ವಾದ ಬಹುಮಟ್ಟಿಗೆ ಸರಿ, ಸೌರ ಕಂಪನಿಯ ಪಾಲೊಂದನ್ನು ಬಿಟ್ಟು. ಎರಡನೆಯದು ಸರಿಯಲ್ಲ. ಉಳದ ನೆಲವನ್ನು ಬೀಳು ಎಂದು ಕರೆಯುವುದು ಕಂದಾಯದ ಕಣ್ಣು. ಕುರಿಗಾರನ ಕಣ್ಣಿಗೆ ಅದು ಮುಂಗಾರಿನ ಮೇವು, ಹಿಂಗಾರಿನ ಮೇವು, ಬರಗಾಲಕ್ಕೆ ಉಳಿಸಿಟ್ಟ ಮೂಲೆ. ಮನೆ ಕಿತ್ತಿಲ್ಲ ಎಂಬುದು ನಿಜ, ಆದರೆ ಹಿಂಡು ಕರಗಿದ ಮನೆಯವನು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರೆ ಅವನನ್ನು ಯಾರೂ ನಿರಾಶ್ರಿತ ಎನ್ನುವುದಿಲ್ಲ.

ನಾಲ್ಕನೆಯದೇ ಮುಖ್ಯ. ಎಲ್ಲೋ ಒಂದು ಕಡೆ ಆಗಲೇಬೇಕು ಎಂಬುದನ್ನು ಒಪ್ಪಿದರೂ, ಎಲ್ಲಿ ಎಂದು ನಿರ್ಧರಿಸಿದ್ದು ಯಾವ ಮಾನದಿಂದ? ಪಹಣಿ ಇರುವ ನೆಲಕ್ಕೆ ಬೆಲೆ ಕೊಡಬೇಕು, ರೈತಸಂಘ ಎದ್ದು ನಿಲ್ಲುತ್ತದೆ, ನ್ಯಾಯಾಲಯದಲ್ಲಿ ದಾವೆ ಬೀಳುತ್ತದೆ. ಕಾವಲಿಗೆ ಈ ಕಾಟ ಕಡಿಮೆ. ಕಲ್ಲನಕೇರಿಯ ಮನೆಯಲ್ಲಿ ಕಿರಿಯ ಸೊಸೆಯತ್ತ ಬೊಟ್ಟು ತಿರುಗಿದ ಹಾಗೆಯೇ ಇಲ್ಲಿಯೂ ಕೇಳುವವರು ಕಡಿಮೆ ಇರುವ ಕಡೆಗೆ ನಕ್ಷೆಯ ಮೇಲಿನ ಬೆರಳು ಸರಿಯಿತು. ಯಾರೂ ದುರುದ್ದೇಶದಿಂದ ಮಾಡಿದರು ಎಂದಲ್ಲ. ದುರುದ್ದೇಶ ಬೇಕಾಗಿಯೇ ಇರಲಿಲ್ಲ. ಯಾವ ಫೈಲನ್ನು ನೂಕಿದರೆ ಸುಲಭವಾಗಿ ಸಾಗುತ್ತದೋ ಅದನ್ನು ನೂಕುವುದು ಆಡಳಿತದ ಸ್ವಭಾವ, ಮತ್ತು ಸುಲಭವಾಗಿ ಸಾಗುವ ಫೈಲು ಎಂದರೆ ಹೆಚ್ಚಿನ ಸಲ ದುರ್ಬಲರ ನೆಲದ್ದು.

ಒಪ್ಪಿಗೆಯ ಪ್ರಶ್ನೆಯೂ ಇದರೊಳಗೇ ಬರುತ್ತದೆ. ಪಾರಿವಾಳವನ್ನು ಉಳಿಸಲು ಶಿಬಿ ಕೊಯ್ದುಕೊಟ್ಟದ್ದು ತನ್ನ ತೊಡೆಯ ಮಾಂಸ. ಅರಮನೆಯಲ್ಲಿ ಆಳುಗಳಿಗೆ ಬರವಿರಲಿಲ್ಲ, ಆದರೂ ಬೇರೆಯವರನ್ನು ತಕ್ಕಡಿಗೆ ಏರಿಸಲಿಲ್ಲ. ತ್ಯಾಗ ಎಂಬ ಹೊಗಳಿಕೆ ಸಲ್ಲುವುದು ಅಂಥದ್ದಕ್ಕೆ. ಕೇಳದೆಯೇ ತೆಗೆದುಕೊಂಡು ಆಮೇಲೆ ದೇಶಕ್ಕಾಗಿ ತ್ಯಾಗ ಮಾಡಿದಿರಿ ಎಂದು ಹಾರ ಹಾಕಿದರೆ ಅದು ತ್ಯಾಗವಾಗುವುದಿಲ್ಲ. ಒಪ್ಪಿಗೆ ಕೇಳಿದರೆ ಯಾವ ಕೆಲಸವೂ ಆಗದು ಎಂಬ ಅಳುಕು ಅಧಿಕಾರಿಗಳಲ್ಲಿ ಇರುವುದು ಸಹಜ. ಆದರೆ ಕಾವಲಿನ ಹಳ್ಳಿಗಳವರ ಬೇಡಿಕೆಗಳು ಅಸಾಧ್ಯದವಲ್ಲ: ಇಷ್ಟು ನೆಲ ನಿಜಕ್ಕೂ ಬೇಕೇ, ದನ ಹೋಗುವ ದಾರಿ ಬಿಡಬಹುದೇ, ಉಳಿದ ಬಯಲು ಮುಂದೆ ಯಾರಿಗೂ ಹೋಗದೆಂದು ಬರೆದುಕೊಡಬಹುದೇ. ಇವನ್ನು ಬೇಲಿ ಹಾಕುವ ಮೊದಲೇ ಕೂತು ಮಾತಾಡಬಹುದಿತ್ತು.

ಕಾನೂನು ಈ ಪ್ರಶ್ನೆಗಳನ್ನು ಅರ್ಧ ದೂರ ಒಪ್ಪಿದೆ. 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಊರೊಟ್ಟಿನ ನೆಲಗಳನ್ನು ಒತ್ತುವರಿಯಿಂದ ಬಿಡಿಸಿ ಗ್ರಾಮಸ್ಥರ ಸಾಮಾನ್ಯ ಉಪಯೋಗಕ್ಕೆ ಉಳಿಸಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ಅದರ ಗುರಿ ಖಾಸಗಿ ಒತ್ತುವರಿದಾರರು, ಸರ್ಕಾರವೇ ಕೊಟ್ಟುಬಿಡುವ ಸಂದರ್ಭದಲ್ಲಿ ಅದು ಅಷ್ಟು ನೆರವಾಗುವುದಿಲ್ಲ. 2014ರ ಜನವರಿ 1ರಿಂದ ಜಾರಿಗೆ ಬಂದ ಭೂಸ್ವಾಧೀನ ಕಾಯಿದೆ ಯೋಜನೆಗೆ ಬೇಕಾದ ಕನಿಷ್ಠ ನೆಲ ಎಷ್ಟು, ಬೇರೆ ಜಾಗ ನೋಡಿದ್ದೀರಾ ಎಂದು ಸಾಮಾಜಿಕ ಪರಿಣಾಮದ ಅಧ್ಯಯನದಲ್ಲಿ ಕೇಳಬೇಕೆನ್ನುತ್ತದೆ. ಸ್ವಂತ ನೆಲವಿಲ್ಲದಿದ್ದರೂ ಆ ನೆಲದ ಮೇಲೆ ದುಡಿದು ಬದುಕುತ್ತಿದ್ದ ಕೂಲಿಗಳನ್ನು, ಕಸುಬುದಾರರನ್ನು ಬಾಧಿತರೆಂದು ಎಣಿಸುತ್ತದೆ. ನೂಲುವ ಹೆಂಗಸಿಗೆ ಮೊಟ್ಟಮೊದಲು ಒಂದು ಕಾಲಂ ತೆರೆದದ್ದು ಈ ಕಾಯಿದೆ. ಅದೂ ಸ್ವಾಧೀನ ನಡೆದಾಗ ಮಾತ್ರ. ಕಾವಲಿನ ಮಂಜೂರಾತಿಗಳು ಕಾಯಿದೆಗಿಂತ ಹಿಂದಿನವು, ಮೇಲಾಗಿ ಸರ್ಕಾರದ ನೆಲ ಸರ್ಕಾರದ ಸಂಸ್ಥೆಗೆ ಹೋಗುವಾಗ ಸ್ವಾಧೀನ ಎಂಬುದೇ ಇರುವುದಿಲ್ಲ. ಅರಣ್ಯ ಹಕ್ಕು ಕಾಯಿದೆ, 2006, ಮೇಯಿಸುವ ಹಕ್ಕನ್ನು ಸಮುದಾಯದ ಹಕ್ಕಾಗಿ ಗುರುತಿಸಿದೆ. ಅದು ಅನ್ವಯಿಸಬೇಕಾದರೆ ಕಾವಲನ್ನು ಅರಣ್ಯವೆಂದು ಒಪ್ಪಬೇಕು, ಹುಲ್ಲಿನ ಬಯಲನ್ನು ಕಾಡೆಂದು ಕಾಣುವ ಅಭ್ಯಾಸ ಕಚೇರಿಗಳಲ್ಲಿ ಕಡಿಮೆ.

ಹೀಗಾಗಿ ಸಾಲ ತೀರಿಸುವ ದಾರಿ ಸದ್ಯಕ್ಕೆ ಕಾಯಿದೆಗಿಂತ ಆಡಳಿತದ ವಿವೇಚನೆಯಲ್ಲೇ ಉಳಿದಿದೆ. ಉಳಿದ ಕಾವಲನ್ನು ಮೇವಿನ ನೆಲವೆಂದೇ ಕಾಯ್ದಿರಿಸುವುದು, ಬಳಸದೆ ಬಿದ್ದಿರುವ ಎಕರೆಗಳಲ್ಲಿ ಹಂಗಾಮಿನ ಮೇಯುವಿಕೆಗೆ ಗೇಟು ತೆರೆಯುವುದು, ದೇವರ ಎತ್ತುಗಳಿಗೆ ಬರಗಾಲದ ಮೇವನ್ನು ಪ್ರತಿ ವರ್ಷ ಬೇಡುವ ಭಿಕ್ಷೆಯಾಗಿಸದೆ ಬಜೆಟ್ಟಿನ ಬಾಬತ್ತಾಗಿಸುವುದು, ಕಂಬಳಿ ನೇಯುವವರಿಗೆ ಉಣ್ಣೆಯ ಸರಬರಾಜು ನೋಡಿಕೊಳ್ಳುವುದು ಇದರಲ್ಲಿ ಬರುತ್ತವೆ. ಇವುಗಳಲ್ಲಿ ಯಾವುದಕ್ಕೂ ರನ್‌ವೇ ಮುಚ್ಚಬೇಕಾಗಿಲ್ಲ.